ಇಂಗಾಲದ ಉಕ್ಕು ಎಣ್ಣೆಯಿಲ್ಲದೆ ಉಜ್ಜಿದಾಗ ಸವೆಯುವ ಬಗೆ

ಮಾನ್ಯ ಪ್ರಾಧ್ಯಾಪಕರೇ, ವಿದ್ಯಾರ್ಥಿಗಳೇ, ದಾವಣಗೆರೆ ಮತ್ತು ಹರಿಹರದ ವರ್ಕ್‌ಶಾಪ್‌ಗಳಿಂದ ಬಂದಿರುವ ಮಿತ್ರರೇ,

ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಎಪಿಎಂಸಿ ಮಾರುಕಟ್ಟೆಗೆ ಬರುವ ಟ್ರ್ಯಾಕ್ಟರ್‌ಗಳ ಟ್ರೇಲರ್ ಪಿನ್ನನ್ನು ಎಳೆದು ನೋಡಿದರೆ ಅದು ನಡುವೆ ಸವೆದು ಸಣ್ಣಗಾಗಿರುವುದು ಕಾಣುತ್ತದೆ. ಅದರ ಸುತ್ತ ಕೆಲವೊಮ್ಮೆ ಕೆಂಗಂದು ಬಣ್ಣದ ನುಣ್ಣನೆಯ ಪುಡಿ ಇರುತ್ತದೆ, ಕೆಲವೊಮ್ಮೆ ಹೊಳೆಯುವ ಲೋಹದ ಚಕ್ಕೆಗಳಿರುತ್ತವೆ. ಎರಡೂ ಸವೆತವೇ ಆದರೂ ಅವುಗಳ ವೇಗದಲ್ಲಿ ನೂರು ಪಟ್ಟು, ಅದಕ್ಕೂ ಮೀರಿದ ಅಂತರ ಇರಬಹುದು. ಪಿನ್ ಬೇಗ ಸವೆದರೆ ‘ಇನ್ನೂ ಗಟ್ಟಿ ಮಾಲು ಹಾಕಿ’ ಎನ್ನುವುದು ನಮ್ಮ ವಾಡಿಕೆ. ಮಾಲಿನ ಗಡಸುತನದ ಮಾತಿಗೆ ಮೊದಲು ಆ ಪುಡಿಯನ್ನು ನೋಡಬೇಕೆಂಬುದು ನನ್ನ ವಾದ.

ಹೊಳಪು ಕೊಟ್ಟ ಎರಡು ಉಕ್ಕಿನ ಮೈಗಳೂ ಒಂದಕ್ಕೊಂದು ತಾಗುವುದು ತಮ್ಮ ಸೂಕ್ಷ್ಮ ಉಬ್ಬುಗಳ ತುದಿಯಲ್ಲಿ ಮಾತ್ರ. ಒಂದು ಚದರ ಸೆಂಟಿಮೀಟರ್ ಮೈಯುಳ್ಳ ಮೈಲ್ಡ್ ಸ್ಟೀಲ್ ತುಂಡಿನ ಮೇಲೆ ಸುಮಾರು 15 ಕಿಲೋಗ್ರಾಂ ಭಾರ ಹೇರಿದರೆ, ಲೋಹಕ್ಕೆ ಲೋಹ ನಿಜವಾಗಿ ತಾಗುವ ಜಾಗ ಒಂದು ಚದರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಅಂದರೆ ಕಣ್ಣಿಗೆ ಕಾಣುವ ಮೈಯ ಸಾವಿರದಲ್ಲಿ ಒಂದು ಪಾಲು. ಸವೆದುಹೋಗುವ ಲೋಹದ ಪ್ರಮಾಣ ಭಾರಕ್ಕೂ ಜಾರಿದ ದೂರಕ್ಕೂ ಅನುಪಾತದಲ್ಲಿ ಹೆಚ್ಚುತ್ತದೆ, ಗಡಸುತನ ಹೆಚ್ಚಿದಂತೆ ಇಳಿಯುತ್ತದೆ ಎಂಬ ಸಂಶೋಧಕ ಆರ್ಚರ್ಡ್ ಅವರ 1953ರ ಸೂತ್ರ ಈ ಚಿತ್ರದ ಮೇಲೆಯೇ ನಿಂತಿದೆ. ಸೂತ್ರ ಸರಳವಾಗಿದೆ, ಉಪಯುಕ್ತವೂ ಹೌದು. ಆದರೆ ಅದರಲ್ಲಿರುವ ಸ್ಥಿರಾಂಕವು ಸವೆತದ ಬಗೆ ಬದಲಾದ ಕೂಡಲೇ ತಾನೂ ಬದಲಾಗುತ್ತದೆ. ಎಲ್ಲ ಕಷ್ಟವೂ ಅಲ್ಲಿದೆ.

ಹಗುರ ಭಾರದಲ್ಲಿ ಉಬ್ಬುಗಳ ತುದಿಗಳು ಕ್ಷಣಮಾತ್ರ ಬಿಸಿಯಾಗಿ ಗಾಳಿಯ ಆಮ್ಲಜನಕದೊಡನೆ ಸೇರುತ್ತವೆ. ಅಲ್ಲಿ ಬೆಳೆಯುವ ಆಕ್ಸೈಡ್ ಪದರ ಲೋಹಕ್ಕೆ ಲೋಹ ಬೆಸೆದುಕೊಳ್ಳದಂತೆ ತಡೆಯುತ್ತದೆ, ಕೆಲವು ಮೈಕ್ರಾನ್ ದಪ್ಪವಾದ ಮೇಲೆ ಉದುರುತ್ತದೆ, ಮತ್ತೆ ಬೆಳೆಯುತ್ತದೆ. ಕೆಂಗಂದು ಪುಡಿ ಎಂದರೆ ಇದೇ. ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರದ ಕಡೆ ಗಣಿಗಳಲ್ಲಿ ಅಗೆಯುವ ಅದಿರಿನ ಹೆಮಟೈಟ್ ಮತ್ತು ಈ ಪುಡಿಯ ಮುಖ್ಯಾಂಶ ರಾಸಾಯನಿಕವಾಗಿ ಒಂದೇ. ಮೈ ಇನ್ನಷ್ಟು ಬಿಸಿಯಾದರೆ ಮ್ಯಾಗ್ನಟೈಟ್ ಎಂಬ, ಅಯಸ್ಕಾಂತಕ್ಕೆ ಅಂಟುವ ಕಪ್ಪು ಆಕ್ಸೈಡ್ ಹುಟ್ಟುತ್ತದೆ. ಹಾಗಾಗಿ ಪುಡಿ ಅಯಸ್ಕಾಂತಕ್ಕೆ ಅಂಟಿತು ಎಂದಮಾತ್ರಕ್ಕೆ ಅದು ಬರಿಯ ಲೋಹವೆಂದು ತೀರ್ಮಾನಿಸಬಾರದು; ಬಿಳಿ ಕಾಗದದ ಮೇಲೆ ಹರಡಿ, ಭೂತಗನ್ನಡಿಯಲ್ಲಿ ಹೊಳಪನ್ನೂ ಚಕ್ಕೆಯ ಆಕಾರವನ್ನೂ ನೋಡಬೇಕು. ನಿರ್ವಾತದಲ್ಲಿ ಉಕ್ಕನ್ನು ಉಕ್ಕಿನ ಮೇಲೆ ಉಜ್ಜಿದರೆ ಈ ರಕ್ಷಣೆ ದೊರೆಯದೆ ಅದು ತೀವ್ರವಾಗಿ ಕಿತ್ತುಬರುತ್ತದೆ ಎಂಬುದು ಆಕ್ಸೈಡಿನ ಉಪಕಾರಕ್ಕೆ ಸಾಕ್ಷಿ.

ಭಾರ ಒಂದು ಮಿತಿಯನ್ನು ದಾಟಿದಾಗ ಪದರ ಬೆಳೆಯುವುದಕ್ಕಿಂತ ಬೇಗ ಒಡೆಯುತ್ತದೆ. ಆಗ ಉಬ್ಬುಗಳು ಬೆಸೆದುಕೊಂಡು ಕಿತ್ತುಬರುತ್ತವೆ, ಚಕ್ಕೆಗಳು ಏಳುತ್ತವೆ, ಮೈ ಒರಟಾಗುತ್ತದೆ. ಇಲ್ಲಿಯವರೆಗಿನದು ಯಾರಾದರೂ ಊಹಿಸಬಹುದಾದದ್ದೇ. ಸಂಶೋಧಕ ವೆಲ್ಷ್ 1965ರಲ್ಲಿ ಪ್ರಕಟಿಸಿದ ಪ್ರಯೋಗಗಳು ತೋರಿಸಿದ ಮುಂದಿನ ಸಂಗತಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ: ಸಾಕಷ್ಟು ವೇಗವಿದ್ದು ಭಾರವನ್ನು ಇನ್ನೂ ಹೆಚ್ಚಿಸಿದರೆ ಸವೆತ ಥಟ್ಟನೆ ಇಳಿದು ಮತ್ತೆ ಮಂದಗತಿಗೆ ಬರುತ್ತದೆ. ಘರ್ಷಣೆಯ ಕ್ಷಣಿಕ ಉಷ್ಣತೆ ಉಕ್ಕಿನ ರಚನೆ ಬದಲಾಗುವ 727 ಡಿಗ್ರಿ ಸೆಲ್ಸಿಯಸ್ ಮಟ್ಟವನ್ನು ಮೀರುತ್ತದೆ, ಮರುಕ್ಷಣವೇ ಕೆಳಗಿನ ತಣ್ಣನೆಯ ಲೋಹ ಆ ಶಾಖವನ್ನು ಹೀರಿಕೊಳ್ಳುತ್ತದೆ, ಮೇಲ್ಮೈಯಲ್ಲಿ ಮಾರ್ಟೆನ್ಸೈಟ್ ಎಂಬ ಬಹಳ ಗಡಸು ರಚನೆ ಉಂಟಾಗುತ್ತದೆ. ಕಮ್ಮಾರ ಕುಳವನ್ನು ಕಾಯಿಸಿ ನೀರಿಗೆ ಅದ್ದಿ ಕೊಡುವ ಹದವನ್ನು ಉಜ್ಜಾಟವೇ ಕೊಟ್ಟಿರುತ್ತದೆ. ಈ ಗಟ್ಟಿ ತಳದ ಮೇಲೆ ಆಕ್ಸೈಡ್ ಮತ್ತೆ ನಿಲ್ಲುತ್ತದೆ. ನಿಧಾನವಾಗಿ ಹೊರಳಾಡುವ ಟ್ರೇಲರ್ ಪಿನ್ನಿನಲ್ಲಿ ಅಷ್ಟು ಬಿಸಿ ಹುಟ್ಟುವುದಿಲ್ಲವಾದ್ದರಿಂದ ಅಲ್ಲಿ ಈ ಲಾಭವನ್ನು ನಿರೀಕ್ಷಿಸಬೇಡಿ.

ಇಂಗಾಲದ ಪಾತ್ರ ಇಲ್ಲಿ ಸ್ಪಷ್ಟವಾಗುತ್ತದೆ. 0.2 ಶೇಕಡಾ ಇಂಗಾಲವಿದ್ದರೆ ಮಾರ್ಟೆನ್ಸೈಟಿನ ಗಡಸುತನ ವಿಕರ್ಸ್ ಮಾನದಲ್ಲಿ ಸುಮಾರು 450, 0.5 ಶೇಕಡಾ ಇದ್ದರೆ ಸುಮಾರು 700. ಹದ ಮಾಡದ ಉಕ್ಕಿನಲ್ಲಾದರೆ ಇಂಗಾಲ ಹೆಚ್ಚಿದಂತೆ ಪರ್ಲೈಟಿನ ಪಾಲು ಹೆಚ್ಚುತ್ತದೆ; ಫೆರೈಟ್ ಎಂಬ ಮೆತು ಕಬ್ಬಿಣವೂ ಸಿಮೆಂಟೈಟ್ ಎಂಬ ಕಬ್ಬಿಣ-ಇಂಗಾಲದ ಗಡಸು ಸಂಯುಕ್ತವೂ ತೆಳು ಪದರಗಳಾಗಿ ಕೂಡಿದ ರಚನೆಯೇ ಪರ್ಲೈಟ್. ದಾವಣಗೆರೆ ನಿಲ್ದಾಣದ ಮೂಲಕ ಹಾದುಹೋಗುವ ರೈಲುಗಳ ಕೆಳಗಿನ ಹಳಿ ಬಹುಮಟ್ಟಿಗೆ ಪರ್ಲೈಟೇ. ಭಾರತೀಯ ರೈಲ್ವೆಯ 880 ದರ್ಜೆಯ ಹಳಿಯಲ್ಲಿ 0.60ರಿಂದ 0.80 ಶೇಕಡಾ ಇಂಗಾಲವಿರುತ್ತದೆ. ಫೆರೈಟ್ ಮತ್ತು ಸಿಮೆಂಟೈಟ್ ಪದರಗಳು ಒತ್ತೊತ್ತಾಗಿದ್ದಷ್ಟೂ ಹಳಿ ಕಡಿಮೆ ಸವೆಯುತ್ತದೆ. ಅಷ್ಟೇ ಗಡಸಾದ, ಬೈನೈಟ್ ಎಂಬ ಉಕ್ಕಿನ ಇನ್ನೊಂದು ರಚನೆ ಹಲವು ಪ್ರಯೋಗಗಳಲ್ಲಿ ಪರ್ಲೈಟಿಗಿಂತ ಹೆಚ್ಚು ಸವೆದಿದೆ. ಗಡಸುತನದ ಅಂಕಿಯೊಂದನ್ನೇ ನಂಬಬಾರದೆಂದು ನಾನು ಹೇಳುವುದು ಇದಕ್ಕೇ.

ಹೊಲದಲ್ಲಿ ದುಡಿಯುವ ಭಾಗಗಳಿಗೆ ಇನ್ನೊಂದು ಮಾತು ಸೇರಿಸಲೇಬೇಕು. ಗ್ರೀಸ್ ಹಾಕಿದರೆ ಮಣ್ಣು ಅಂಟುತ್ತದೆಂದು ಅನೇಕ ರೈತರು ಪಿನ್ನನ್ನು ಒಣಗಿಸಿಯೇ ಇಡುತ್ತಾರೆ, ಆದರೂ ಮರಳಿನ ಕಣಗಳು ಸಂದಿಗೆ ಸೇರುತ್ತವೆ. ಮರಳಿನಲ್ಲಿರುವ ಕ್ವಾರ್ಟ್ಸ್ ಖನಿಜ ಈ ಪರ್ಲೈಟ್ ಉಕ್ಕುಗಳಿಗಿಂತ ಬಹಳ ಗಡಸು. ಪಿನ್ನಿನ ಮೈಮೇಲೆ ಜಾರಿದ ದಿಕ್ಕಿನಲ್ಲೇ ನೇರ ಗೀರುಗಳು ಕಂಡರೆ ಅದು ಆಕ್ಸೈಡಿನ ಲೆಕ್ಕವಲ್ಲ, ಕೆರೆತದ ಲೆಕ್ಕ. ಅಂಥ ಕಡೆ ಹದ ಮಾಡಿದ ಗಡಸು ಪಿನ್ ನಿಜಕ್ಕೂ ಬಾಳುತ್ತದೆ. ಆದರೆ ಪಿನ್ನನ್ನು ಮಾತ್ರ ಗಡಸುಗೊಳಿಸಿ ಕೊಂಡಿಯ ತೂತನ್ನು ಮೆತು ಉಕ್ಕಿನಲ್ಲೇ ಬಿಟ್ಟರೆ ತೂತು ಅಗಲವಾಗುತ್ತದೆ. ಆದ್ದರಿಂದ ಬದಲಿಸಬಹುದಾದ ಬುಶ್ (ಒಳಗೆ ಕೂರುವ ಕೊಳವೆ) ಒಂದನ್ನು ತೂತಿಗೆ ಕೂರಿಸಿಯೇ ಪಿನ್ನಿನ ಗಡಸುತನವನ್ನು ನಿರ್ಧರಿಸಬೇಕೆಂದು ಇಲ್ಲಿರುವ ವರ್ಕ್‌ಶಾಪ್ ಮಿತ್ರರನ್ನು ಕೋರುತ್ತೇನೆ.