ಬಾಲಮಂದಿರದ ಹೆಣ್ಣುಮಕ್ಕಳು: ನಿದ್ದೆ ಮೊದಲು, ಪಾಠ ಜೊತೆಗೇ

ಕೇಳುಗರಿಗೆ ನಮಸ್ಕಾರ.

ಲೈಂಗಿಕ ದೌರ್ಜನ್ಯ, ಬಾಲ್ಯವಿವಾಹ, ಮಾನವ ಸಾಗಾಟ, ಮನೆಯೊಳಗಿನ ಹೊಡೆತ ಬಡಿತ. ಇಂಥದ್ದರಿಂದ ಪಾರಾಗಿ ಬಂದ ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿ ಬಾಲಕಿಯರ ಬಾಲಮಂದಿರಕ್ಕೆ ಒಪ್ಪಿಸುತ್ತದೆ. ಮುಂದೇನು ಎಂದು ಕೇಳಿದರೆ ಎಲ್ಲರೂ ಹೇಳುವುದು ಒಂದೇ, ಕೌನ್ಸೆಲಿಂಗ್ ಕೊಡಿಸಿ ಅಂತ. ಕೊಡಿಸಲೇಬೇಕು. ಆದರೆ ವಾರಕ್ಕೊಂದು ಗಂಟೆ ಆಪ್ತಸಮಾಲೋಚಕಿಯ ಜೊತೆ ಕೂತರೆ ಇನ್ನೂ 167 ಗಂಟೆ ಉಳಿಯುತ್ತದೆ. ಆ ಹೊತ್ತೆಲ್ಲ ಅವಳು ಗೃಹಮಾತೆ, ಅಡುಗೆಯಮ್ಮ, ಟೀಚರು, ಜೊತೆಯ ಹುಡುಗಿಯರ ನಡುವೆ ಇರುತ್ತಾಳೆ. ಚೇತರಿಕೆಯ ಬಹುಪಾಲು ನಡೆಯುವುದು ಅಲ್ಲಿ, ಕೆಡುವುದೂ ಅಲ್ಲೇ.

ಮೊದಲು ರಾತ್ರಿಯ ವಿಷಯ. ಅಪಾಯ ಕಳೆದರೂ ಮೈ ಎಚ್ಚರ ಬಿಡುವುದಿಲ್ಲ. ಚಿಲಕದ ಸದ್ದು, ಬಾಗಿಲಲ್ಲಿ ನೆರಳು, ಬೀಡಿಯ ವಾಸನೆ, ಇಷ್ಟು ಸಾಕು ಎದೆ ಹೊಡೆದುಕೊಳ್ಳಲು. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳು ಮಲಗುವ ಹಾಲಿನಲ್ಲಿ ಮಗುವೊಂದಕ್ಕೆ 40 ಚದರಡಿ ಜಾಗ ಇರಬೇಕು ಎನ್ನುತ್ತವೆ. ಆ 40 ಚದರಡಿ ಹಾಲಿನ ಯಾವ ಮೂಲೆಯಲ್ಲಿದೆ ಅನ್ನುವುದೂ ಅಷ್ಟೇ ಮುಖ್ಯ. ಹೊಸದಾಗಿ ಬಂದವಳಿಗೆ ಎಲ್ಲಿ ಮಲಗುತ್ತೀಯ ಎಂದು ಕೇಳಿ. ಬೆನ್ನಿಗೆ ಗೋಡೆ, ಕಣ್ಣಿಗೆ ಬಾಗಿಲು ಕಾಣುವ ಜಾಗವನ್ನು ಹಲವರು ಆರಿಸಿಕೊಳ್ಳುತ್ತಾರೆ. ಸಣ್ಣ ದೀಪ ಉರಿಯುತ್ತಿರಲಿ. ಶೌಚಾಲಯದ ದಾರಿಯಲ್ಲೂ ಬೆಳಕು ಬೇಕು, ಅದರ ಚಿಲಕ ಒಳಗಿನಿಂದ ಸರಿಯಾಗಿ ಬೀಳಬೇಕು. ಚಿಲಕ ಕೆಟ್ಟಿದ್ದರೆ ದುರಸ್ತಿಯನ್ನು ಮುಂದಿನ ತಿಂಗಳ ಅನುದಾನಕ್ಕೆ ಕಾಯಿಸಬೇಡಿ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಹದಿನಾಲ್ಕರ ಹುಡುಗಿಯರೂ ಇರುತ್ತಾರೆ. ಒಂದು ಜೊತೆ ಬಟ್ಟೆ, ಒಂದು ಹೊದಿಕೆ ಕೈಗೆ ಸಿಗುವಂತೆ ಇಟ್ಟಿದ್ದರೆ ಅವಳೇ ಸದ್ದಿಲ್ಲದೆ ಬದಲಾಯಿಸಿಕೊಳ್ಳುತ್ತಾಳೆ. ಬೆಳಿಗ್ಗೆ ಎಲ್ಲರೆದುರು ಹಾಸಿಗೆ ಒಣಹಾಕಿಸಿದರೆ ಅಲ್ಲಿಯವರೆಗೆ ಗಳಿಸಿದ ನಂಬಿಕೆ ಅಂದೇ ಹೋಯಿತು.

ಎಬ್ಬಿಸುವಾಗ ಭುಜ ಹಿಡಿದು ಅಲುಗಾಡಿಸಬಾರದು. ಕಾಲ ಬುಡದ ಕಡೆ ನಾಲ್ಕು ಹೆಜ್ಜೆ ದೂರ ನಿಂತು ಹೆಸರು ಹಿಡಿದು ಕೂಗಿ. ಕೆಟ್ಟ ಕನಸು ಕಂಡು ಚೀರಿಕೊಂಡು ಎದ್ದರೆ ಏನು ಕಂಡೆ ಎಂದು ಕೇಳುವ ಹೊತ್ತು ಅದಲ್ಲ. 'ನಾನು ಇಂಥ ಅಕ್ಕ, ನೀನು ಬಾಲಮಂದಿರದಲ್ಲಿದ್ದೀಯ, ಬಾಗಿಲು ಹಾಕಿದೆ' ಎಂದು ನಿಧಾನವಾಗಿ ಹೇಳಿ. ಪಾದ ನೆಲಕ್ಕೆ ಊರಲಿ, ನೀರು ಕುಡಿಯಲಿ. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ, ಆಮೇಲೆ ಕೈಗೆ ತಾಗುವ ನಾಲ್ಕು. ಉಸಿರು ತಾನಾಗಿ ಹದಕ್ಕೆ ಬರುತ್ತದೆ. ತಬ್ಬಿಕೊಳ್ಳುವ ಮೊದಲು ಕೇಳಿ. ಬೇಡ ಎಂದರೆ ಬೇಡ.

ದಿಂಬಿನ ಕೆಳಗೆ ಚಪಾತಿ, ಬಿಸ್ಕತ್ತು ಸಿಗುತ್ತದೆ. ಅದನ್ನು ಕಳವು ಎಂದು ಬರೆದುಕೊಳ್ಳುವ ಗೃಹಮಾತೆಯರಿದ್ದಾರೆ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂಬ ಹಳೆಯ ಭಯ ಅದು. ಊಟದ ಹೊತ್ತು ದಿನವೂ ತಪ್ಪದಿದ್ದರೆ, ನಡುವೆ ಹಸಿವಾದರೆ ಕೇಳಿ ತಿನ್ನಲು ಒಂದು ಡಬ್ಬ ಇದ್ದರೆ ಸಾಮಾನ್ಯವಾಗಿ ಆ ಅಭ್ಯಾಸ ಕಮ್ಮಿಯಾಗುತ್ತಾ ಬರುತ್ತದೆ. ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ, ಬದಲಾದರೆ ಹಿಂದಿನ ದಿನವೇ ತಿಳಿಸಿ. ಮುಂದೇನು ಎಂದು ಗೊತ್ತಿರುವುದೇ ಈ ಮಕ್ಕಳಿಗೆ ಅರ್ಧ ಔಷಧ. ಸಿಬ್ಬಂದಿ ಪದೇ ಪದೇ ಬದಲಾಗುವ ಮನೆಯಲ್ಲಿ ಗೋಡೆಯ ಪಟ್ಟಿಯೂ ಕೆಲಸಕ್ಕೆ ಬಾರದು.

ಈಗ ಶಾಲೆ. ಮೊದಲು ಮನಸ್ಸು ಸರಿಹೋಗಲಿ, ಆಮೇಲೆ ಶಾಲೆಗೆ ಕಳಿಸೋಣ ಎಂದು ಕೂರಿಸಿಕೊಂಡವರು ವರ್ಷ ಕಳೆಯುತ್ತಾರೆ, ಹುಡುಗಿ ಇನ್ನಷ್ಟು ಹಿಂದೆ ಬೀಳುತ್ತಾಳೆ. ಆರೋಗ್ಯ ಸರಿಯಿದ್ದರೆ ಪಾಠ ಮೊದಲ ವಾರದಿಂದಲೇ ಶುರುವಾಗಲಿ, ಸಣ್ಣದಾಗಿ. ಹದಿನೈದು ನಿಮಿಷ ಓದು, ಐದು ನಿಮಿಷ ಎದ್ದು ಓಡಾಟ. ದೊಡ್ಡ ಹುಡುಗಿ ಎಂದು ಎಂಟನೇ ತರಗತಿಯ ಪುಸ್ತಕ ಕೊಡುವ ಮೊದಲು ಒಂದು ಪ್ಯಾರಾ ಓದಿಸಿ, ಒಂದು ಭಾಗಾಕಾರ ಮಾಡಿಸಿ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದಷ್ಟಕ್ಕೆ ವಿಶೇಷ ತರಬೇತಿ ಕೊಡಿ ಎನ್ನುತ್ತದೆ. ಸೇರಿಸುವುದು ಆಗುತ್ತದೆ, ತರಬೇತಿ ಮರೆತುಹೋಗುತ್ತದೆ. ಅಲ್ಲೇ ಹುಡುಗಿಗೆ 'ನನಗೆ ತಲೆಯಿಲ್ಲ' ಅನ್ನಿಸಲು ಶುರುವಾಗುವುದು.

ತರಗತಿಯಲ್ಲಿ ಅವಳು ಕಿಟಕಿಯತ್ತ ನೋಡುತ್ತಾ ಕರೆದರೂ ಕೇಳಿಸದಂತೆ ಕೂತಿದ್ದರೆ ಅದು ಉಡಾಫೆ ಇರಲಾರದು. ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಅಲ್ಲಿಂದ ಎದ್ದುಹೋಗಿರುತ್ತದೆ. ಹಿಂದಿನಿಂದ ಬಂದು ಬೆನ್ನು ತಟ್ಟಬೇಡಿ. ಮುಂದೆ ಬಂದು, ಮೆಲುದನಿಯಲ್ಲಿ ಹೆಸರು ಹೇಳಿ, ಕೈಗೆ ಒಂದು ಕೆಲಸ ಕೊಡಿ. ಬೋರ್ಡು ಒರೆಸುವುದೋ, ಪುಸ್ತಕ ಹಂಚುವುದೋ. ಬೆಂಚಿನ ಮೇಲೆ ನಿಲ್ಲಿಸುವುದು, ಒಬ್ಬಳನ್ನೇ ಕೋಣೆಯಲ್ಲಿ ಕೂಡಿಹಾಕುವುದು, ಊಟ ತಡೆಯುವುದು ಯಾವ ಮಗುವಿಗೂ ಸಲ್ಲದ ಶಿಕ್ಷೆ. ಇವಳಿಗಂತೂ ಹಿಂದೆ ಆದದ್ದೇ ಮತ್ತೆ ಆದಂತೆ.

ಹಾಜರಿಯಲ್ಲಾಗಲಿ, ವ್ಯಾನಿನ ಮೇಲಾಗಲಿ 'ಬಾಲಮಂದಿರ' ಎಂಬ ಹಣೆಪಟ್ಟಿ ಬೇಡ. ಹುಟ್ಟುಹಬ್ಬಕ್ಕೆ ಸಿಹಿ ಹಂಚಲು ಬರುವ ದಾನಿಗಳು ಫೋಟೋ ಕೇಳುತ್ತಾರೆ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಮಗುವಿನ ಗುರುತು ಬಯಲು ಮಾಡುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇದನ್ನು ಗೇಟಿನಲ್ಲೇ ಬರೆದು ಹಾಕಿದರೆ ಮುಜುಗರ ತಪ್ಪುತ್ತದೆ.

ಆದದ್ದನ್ನು ಮತ್ತೆ ಮತ್ತೆ ಹೇಳಿಸುವುದು ದೊಡ್ಡ ಅನಾಹುತ. ಪೊಲೀಸರು ಕೇಳಿರುತ್ತಾರೆ, ಡಾಕ್ಟರು, ಮ್ಯಾಜಿಸ್ಟ್ರೇಟರು, ಸಮಿತಿಯವರು ಕೇಳಿರುತ್ತಾರೆ. ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾ ಮತ್ತೊಮ್ಮೆ ಕೇಳುವ ಕುತೂಹಲ ಬೇಡ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಡ್ಡಪ್ರಶ್ನೆ ಹಾಕಬೇಡಿ, ಅವಳ ಮಾತನ್ನು ಅವಳ ಪದಗಳಲ್ಲೇ ಅಂದೇ ಬರೆದಿಡಿ. ಆದರೆ 'ಯಾರಿಗೂ ಹೇಳಲ್ಲ' ಎಂದು ಮಾತು ಕೊಡಬೇಡಿ. ಹೊಸ ದೌರ್ಜನ್ಯ ತಿಳಿದುಬಂದರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಯಾರಿಗೆ ಹೇಳಬೇಕಾಗುತ್ತದೆ, ಯಾಕೆ ಎಂಬುದನ್ನು ಅವಳಿಗೇ ಮೊದಲು ಹೇಳಿ.

ಪೋಕ್ಸೋ ಪ್ರಕರಣಗಳಲ್ಲಿ ಮಗುವಿನ ಸಾಕ್ಷ್ಯ 30 ದಿನದೊಳಗೆ, ವಿಚಾರಣೆ ಸಾಧ್ಯವಾದಷ್ಟು ಒಂದು ವರ್ಷದೊಳಗೆ ಮುಗಿಯಬೇಕು ಎಂದಿದೆ. ಎಷ್ಟೋ ಸಲ ಎಳೆಯುತ್ತದೆ. ಸಮನ್ಸ್ ಬಂದ ವಾರ ನಿದ್ದೆ ಕೆಡುತ್ತದೆ, ಜಗಳ ಹೆಚ್ಚುತ್ತದೆ, ಓದು ನಿಲ್ಲುತ್ತದೆ. ಆ ವಾರ ಟೆಸ್ಟ್ ಇಡಬೇಡಿ. ಸಮಿತಿ ನೇಮಿಸಿದ ಸಹಾಯಕ ವ್ಯಕ್ತಿ ಮುಂಚೆಯೇ ಬಂದು ಕೋರ್ಟಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಆರೋಪಿ ಎದುರು ಬಾರದಂತೆ ಏನು ಏರ್ಪಾಡಿದೆ, ನಡುವೆ ವಿರಾಮ ಕೇಳಬಹುದು ಎಂಬುದನ್ನೆಲ್ಲ ವಿವರಿಸಲಿ. ವಾಪಸ್ಸು ಬಂದಾಗ ಬಿಸಿ ಊಟ ಇರಲಿ, ಏನಾಯ್ತು ಎಂಬ ಪ್ರಶ್ನೆ ಬೇಡ.

ಮನೆಗೆ ಕಳಿಸುವ ಆದೇಶ ಶಾಲೆಯ ವರ್ಷದ ನಡುವೆ ಬಂದರೆ, ಪರೀಕ್ಷೆ ಮುಗಿಯುವವರೆಗೆ ಸಮಯ ಕೊಡಿ ಎಂದು ಸಮಿತಿಯನ್ನು ಕೇಳಿಕೊಳ್ಳಬಹುದು. ಹದಿನೆಂಟು ತುಂಬಿದವಳಿಗೆ 21ರವರೆಗೆ ಅನುಪಾಲನೆಯ, ಅಂದರೆ ಬಾಲಮಂದಿರ ಬಿಟ್ಟ ಮೇಲೂ ನೆರವು ಪಡೆಯುವ, ಅವಕಾಶ ಇದೆ. ಅದಕ್ಕೆ ಹದಿನೇಳರಲ್ಲೇ ಕೆಲಸ ಶುರುವಾಗಬೇಕು. ಟಿಸಿ, ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಅವಳ ಹೆಸರಲ್ಲಿ, ಒಂದೇ ಕಾಗುಣಿತದಲ್ಲಿ ಇವೆಯೇ ನೋಡಿ. ಒಂದಕ್ಷರ ವ್ಯತ್ಯಾಸವಿದ್ದರೂ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ.

ಮಗುವೊಂದು ತೊಂದರೆಯಲ್ಲಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ನಮಸ್ಕಾರ.