ಎರಡು ಫ್ಲೋಟ್‌ಗಳು ಸಮವೇ?

ಕೇಳುಗರಿಗೆ ನಮಸ್ಕಾರ. ಕಂಪ್ಯೂಟರ್ ಭಾಷೆಗಳಲ್ಲಿ ದಶಾಂಶ ಸಂಖ್ಯೆಗಳನ್ನು ಇಡುವ ರೂಪಕ್ಕೆ ಫ್ಲೋಟ್ ಎನ್ನುತ್ತಾರೆ. ಅಂಥ ಎರಡು ಸಮವೇ ಎಂದು ನೋಡುವುದು ಹೇಗೆ?

0.1ಕ್ಕೆ 0.2 ಕೂಡಿಸಿ, ಬಂದದ್ದು 0.3ಕ್ಕೆ ಸಮವೇ ಎಂದು ಪೈಥಾನನ್ನೋ ಜಾವಾಸ್ಕ್ರಿಪ್ಟನ್ನೋ ಕೇಳಿ ನೋಡಿ. ಅಲ್ಲ ಎನ್ನುತ್ತದೆ. ಮೂರನೇ ಒಂದು ಭಾಗವನ್ನು ದಶಾಂಶದಲ್ಲಿ ಬರೆಯಹೊರಟರೆ ಮೂರುಗಳು ಮುಗಿಯುವುದೇ ಇಲ್ಲವಲ್ಲ, ಕಂಪ್ಯೂಟರ್ ಬಳಸುವ 0, 1ರ ದ್ವಿಮಾನದಲ್ಲಿ ಹತ್ತನೇ ಒಂದು ಭಾಗದ ಪಾಡೂ ಅದೇ. ಫ್ಲೋಟ್‌ಗಳ ರೂಪವನ್ನು ಗೊತ್ತುಪಡಿಸುವ ಐಇಇಇ 754 ಮಾನಕದಲ್ಲಿ ಡಬಲ್ ಎಂಬ ಬಗೆಯ ಫ್ಲೋಟ್‌ನ 64 ಬಿಟ್‌ಗಳಲ್ಲಿ ಭಿನ್ನಭಾಗಕ್ಕೆ ಸಿಗುವುದು 52. ಅಷ್ಟರಲ್ಲಿ ಹಿಡಿಸದ್ದನ್ನು ಹತ್ತಿರದ ಬೆಲೆಗೆ ದುಂಡಾಗಿಸಬೇಕು. ಹಾಗಾಗಿ ಮೊತ್ತದ 17ನೇ ದಶಾಂಶ ಸ್ಥಾನದಲ್ಲಿ ಒಂದು 4 ಇಣುಕುತ್ತದೆ. 0.5ಕ್ಕೆ 0.25 ಕೂಡಿಸಿದರೆ ಮಾತ್ರ 0.75 ಕರಾರುವಾಕ್ಕಾಗಿ ಬರುತ್ತದೆ. ಅವೆಲ್ಲ ಎರಡರ ಘಾತಗಳಿಂದಲೇ ಆದವು.

ವ್ಯತ್ಯಾಸ ಎಪ್ಸಿಲಾನ್‌ಗಿಂತ ಕಡಿಮೆಯಿದ್ದರೆ ಸಮ ಎನ್ನಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಎಪ್ಸಿಲಾನ್ ಎಂದರೆ 1ಕ್ಕೂ ಅದರ ಮುಂದಿನ ಡಬಲ್‌ಗೂ ಇರುವ ಅಂತರ. ಸಂಖ್ಯೆ ದೊಡ್ಡದಾದಂತೆ ಈ ಅಂತರ ಹಿಗ್ಗುತ್ತದೆ: ಹತ್ತು ಲಕ್ಷದ ಬಳಿ ಅಕ್ಕಪಕ್ಕದ ಡಬಲ್‌ಗಳ ನಡುವೆಯೇ ಎಪ್ಸಿಲಾನ್‌ನ 524288 ಪಟ್ಟು ಜಾಗವಿದೆ. ಅಲ್ಲಿ ಈ ಪರೀಕ್ಷೆಗೂ ನೇರ ಸಮ ಚಿಹ್ನೆಗೂ ಏನೂ ಭೇದವಿಲ್ಲ. ಇನ್ನು 10ರ ಘಾತ ಮೈನಸ್ 20ರಷ್ಟು ಸಣ್ಣ ಸಂಖ್ಯೆಗಳಲ್ಲಿ, ಒಂದು ಇನ್ನೊಂದರ ಐದು ಪಟ್ಟಿದ್ದರೂ ಉತ್ತರ ‘ಸಮ’!

ಆದ್ದರಿಂದ ಸಾಪೇಕ್ಷ ಹೋಲಿಕೆ. ವ್ಯತ್ಯಾಸವು ಎರಡರಲ್ಲಿ ದೊಡ್ಡದರ ನೂರು ಕೋಟಿಯಲ್ಲೊಂದು ಭಾಗವನ್ನು ಮೀರಬಾರದು. ಪ್ಲಸ್, ಮೈನಸ್ ಚಿಹ್ನೆ ಬಿಟ್ಟು ನೋಡಬೇಕು. ಪೈಥಾನ್ 3.5ರಲ್ಲಿ ಬಂದ ಇಸ್‌ಕ್ಲೋಸ್ ಎಂಬ ಫಂಕ್ಷನ್ ಮಾಡುವುದೂ ಇದನ್ನೇ. ಆದರೆ ಒಂದು ಕಡೆ ಸೊನ್ನೆಯಿದ್ದರೆ ಇದು ಕೈಕೊಡುತ್ತದೆ. 0.1, 0.2 ಕೂಡಿಸಿ 0.3 ಕಳೆದರೆ ಉಳಿಯುವ ಚೂರು ಎಷ್ಟೇ ಚಿಕ್ಕದಾದರೂ ಸೊನ್ನೆಯ ‘ಹತ್ತಿರ’ ಅನ್ನಿಸಿಕೊಳ್ಳುವುದಿಲ್ಲ, ಏಕೆಂದರೆ ಅಲ್ಲಿ ದೊಡ್ಡದೆಂದರೆ ಆ ಚೂರೇ. ಅದಕ್ಕೆ ಸ್ಥಿರ ಮಿತಿಯೊಂದನ್ನು ನೀವೇ ಕೊಡಬೇಕು. ಇಸ್‌ಕ್ಲೋಸ್‌ನಲ್ಲಿ ಅದು ಮೊದಲಿಗೆ ಸೊನ್ನೆಯೇ ಇರುತ್ತದೆ. ಎಷ್ಟು ಕೊಡಬೇಕೆಂಬುದನ್ನು ನಿಮ್ಮ ದತ್ತಾಂಶವೇ ಹೇಳಬೇಕು: ಮಿಲಿಮೀಟರ್‌ವರೆಗೆ ಅಳೆದದ್ದಕ್ಕೆ ನ್ಯಾನೋಮೀಟರ್ ಮಿತಿ ಹಾಕಿ ಪ್ರಯೋಜನವಿಲ್ಲ.

ಫಂಕ್ಷನ್ ನೀವೇ ಬರೆಯುವುದಾದರೆ ಮೊದಲು ನೇರ ಸಮತೆ ನೋಡಿ. ಫ್ಲೋಟ್‌ಗಳಲ್ಲಿ ಅನಂತವೂ ಒಂದು ಬೆಲೆ, ಅನಂತಕ್ಕೆ ಅನಂತ ಸಮವಾಗುವುದು ಅಲ್ಲೇ. ಆಮೇಲೂ ಒಂದು ಅನಂತವಾಗಿ ಉಳಿದಿದ್ದರೆ ‘ಅಲ್ಲ’ ಎಂದು ಹೊರಬನ್ನಿ. ಇಲ್ಲದಿದ್ದರೆ ಮಿತಿಯೇ ಅನಂತವಾಗಿ, 5 ಕೂಡ ಅನಂತಕ್ಕೆ ಹತ್ತಿರವಾದೀತು. ನ್ಯಾನ್, ಅಂದರೆ ‘ಸಂಖ್ಯೆಯಲ್ಲ’ ಎಂಬ ಬೆಲೆ, ತನಗೆ ತಾನೇ ಸಮವಲ್ಲ, ಅದನ್ನು ಹಾಗೇ ಬಿಡಿ.

ಹಣದ ಲೆಕ್ಕಕ್ಕೆ ಇದಾವುದೂ ಬೇಡ, ಪೈಸೆಯಲ್ಲಿ ಎಣಿಸಿದರೆ ಪೂರ್ಣಾಂಕ ಸಾಕು.

ಇನ್ನೊಂದು ಮಾತು. ‘ಹತ್ತಿರ’ ಎಂಬುದು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ: ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹತ್ತಿರವಿದ್ದರೂ ಮೊದಲನೆಯದು ಮೂರನೆಯದಕ್ಕೆ ದೂರವಿರಬಹುದು. ಸಾರ್ಟ್ ಮಾಡುವ, ಅಂದರೆ ಕ್ರಮವಾಗಿ ಜೋಡಿಸುವ, ಹೋಲಿಕೆಯೊಳಗೆ ಈ ‘ಹತ್ತಿರ’ವನ್ನು ತೂರಿಸಿದರೆ ಕ್ರಮವೇ ಕೆಡುತ್ತದೆ. ಅಲ್ಲಿ ನೇರ ಹೋಲಿಕೆಯನ್ನೇ ಇಟ್ಟುಕೊಳ್ಳಿ. ನಮಸ್ಕಾರ.