ಪಕ್ಕದ ಸೈಟಲ್ಲಿ ಎಕ್ಸ್ಟ್ರಾ ಫ್ಲೋರ್ ಏಳ್ತಿದ್ಯಾ? ಮೋಲ್ಡ್ ಹಾಕೋಕೆ ಮುಂಚೆನೇ ಕಂಪ್ಲೇಂಟ್ ಕೊಡಿ

ನಮಸ್ಕಾರ ಎಲ್ರಿಗೂ. ಬೆಂಗಳೂರಲ್ಲಿ ಪಕ್ಕದ ಸೈಟಲ್ಲಿ ಮನೆ ಕಟ್ತಿದ್ರೆ ಧೂಳು ಸೌಂಡು ಎಲ್ಲಾ ಸಹಿಸ್ಕೊಂಡು ಸುಮ್ನಿರ್ತೀವಿ, ನಾಳೆ ಮುಖ ಮುಖ ನೋಡ್ಬೇಕಲ್ಲ ಅಂತ. ಸರಿ, ಆದ್ರೆ ಸೆಟ್‌ಬ್ಯಾಕೇ (ಮನೆ ಸುತ್ತ ಖಾಲಿ ಬಿಡ್ಬೇಕಾದ ಜಾಗ) ಬಿಡದೆ ನಮ್ ಕಾಂಪೌಂಡಿಗೆ ಒತ್ಕೊಂಡು ಗೋಡೆ ಎಬ್ಬಿಸ್ತಿದ್ರೆ, ಮೂರು ಫ್ಲೋರಿಗೆ ಪ್ಲಾನ್ ತಗೊಂಡು ಐದಕ್ಕೆ ಸೆಂಟ್ರಿಂಗ್ ಹೊಡೀತಿದ್ರೆ? 2024 ಅಕ್ಟೋಬರ್ 22ಕ್ಕೆ ಬಾಬುಸಾಪಾಳ್ಯದಲ್ಲಿ ಮಳೆ ಹಿಡ್ಕೊಂಡಿದ್ದಾಗ ಕಟ್ತಿದ್ದ ಬಿಲ್ಡಿಂಗೇ ಕುಸಿದು 9 ಜನ ಸತ್ರು, ಪರ್ಮಿಷನ್‌ಗಿಂತ ಜಾಸ್ತಿ ಫ್ಲೋರ್ ಎಬ್ಬಿಸಿದ್ರು ಅಂತ ಎಲ್ರೂ ಹೇಳಿದ್ದು ಆಮೇಲೆ.

ಅದಕ್ಕೇ ಪಿಲ್ಲರ್ ಕಂಬಿ ಮೇಲೆ ಬರ್ತಿದ್ದಾಗ್ಲೇ ಕಂಪ್ಲೇಂಟ್ ಹೋಗ್ಬೇಕು. ಯಾಕಂದ್ರೆ ಕಾರ್ಪೊರೇಷನ್ನೋರು ಮೊದ್ಲು ತಾತ್ಕಾಲಿಕ ಆದೇಶ ಕೊಡ್ಬೇಕು, ಓನರ್ ಉತ್ರ ಕೇಳ್ಬೇಕು, ಆಮೇಲೆ ಆ ಆದೇಶನ ಖಾಯಂ ಮಾಡೋ ಕನ್ಫರ್ಮೇಟರಿ ಆರ್ಡರ್, ಅದ್ರ ಮೇಲೆ 2024 ನವೆಂಬರಲ್ಲಿ ಸುಪ್ರೀಂ ಕೋರ್ಟು ಕೆಡವೋಕೆ ಮುಂಚೆ ಕನಿಷ್ಠ 15 ದಿನ ನೋಟಿಸ್ ಕೊಡ್ಲೇಬೇಕು ಅಂದಿದೆ (ರೋಡು, ಫುಟ್‌ಪಾತ್, ಕೆರೆ ಒತ್ತುವರಿಗೆ ಇದು ಅನ್ವಯಿಸಲ್ಲ), ಇಷ್ಟೆಲ್ಲಾ ಆಗೋಷ್ಟ್ರಲ್ಲಿ ಗೃಹಪ್ರವೇಶ ಮುಗಿದು ಪಿಜಿ ಬೋರ್ಡ್ ಬಿದ್ದಿರುತ್ತೆ. ಜನ ಇರೋ ಮನೆ ಮುಟ್ಟೋಕೆ ಯಾರೂ ಮುಂದೆ ಬರಲ್ಲ.

[ಸ್ಕ್ರೀನ್ ಮೇಲೆ: ಕಂಪ್ಲೇಂಟ್ ಲೆಟರ್]

2025 ಸೆಪ್ಟೆಂಬರಿಂದ ಬಿಬಿಎಂಪಿ ಇಲ್ಲ, ಐದು ನಗರ ಪಾಲಿಕೆ ಆಗಿವೆ, ನಿಮ್ಮ ಏರಿಯಾ ಯಾವ್ದಕ್ಕೆ ಬರುತ್ತೆ ನೋಡ್ಕೊಳಿ. 1533ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ನಂಬರ್ ತಗೊಳಿ, ಅಷ್ಟಕ್ಕೇ ಬಿಡ್ಬೇಡಿ. ಪಾಲಿಕೆಯ ಎಇಇ (ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಇಂಜಿನಿಯರ್) ಆಫೀಸಿಗೆ ಲೆಟರ್ ಕೊಟ್ಟು ಕಾಪಿ ಮೇಲೆ ಸೀಲ್ ಹಾಕಿಸ್ಕೊಳಿ, ನನ್ ಪ್ರಕಾರ ಆ ಸೀಲೇ ಎಲ್ಲಕ್ಕಿಂತ ಮುಖ್ಯ, ನಾಳೆ ಲೋಕಾಯುಕ್ತಕ್ಕೆ ಹೋದ್ರೂ ಹೈಕೋರ್ಟಿಗೆ ಹೋದ್ರೂ ಮೊದ್ಲು ಕೇಳೋದು ಅದನ್ನೇ. ಲೆಟರಲ್ಲಿ ‘ಅಕ್ರಮ ಕಟ್ಟಡ’ ಅಂತ ಬರೆದ್ರೆ ಸಾಲ್ದು, ಯಾವ್ ಕಡೆ ಎಷ್ಟು ಅಡಿ ಬಿಟ್ಟಿಲ್ಲ, ಈಗ ಎಷ್ಟನೇ ಫ್ಲೋರು ನಡೀತಿದೆ ಅಂತ ಬರೀರಿ, ತಾರೀಖು ಇರೋ ಫೋಟೋ ಹಾಕಿ.

ಪ್ಲಾನಲ್ಲಿ ಏನಿದೆ ಅಂತ ನಿಮಗೆ ಹೇಗ್ ಗೊತ್ತಾಗ್ಬೇಕು? ಮಂಜೂರಾದ ಪ್ಲಾನನ್ನ ಕೆಲ್ಸದ ಜಾಗದಲ್ಲೇ ಹಾಕಿರ್ಬೇಕು ಅಂತ ಸುಪ್ರೀಂ ಕೋರ್ಟು 2024 ಡಿಸೆಂಬರಲ್ಲೇ ಹೇಳಿದೆ. ಹಾಕಿರಲ್ಲ ಬಿಡಿ. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ ಪ್ಲಾನ್ ಕಾಪಿ ಕೇಳಿ, 30 ದಿನದೊಳಗೆ ಉತ್ರ ಬರ್ಬೇಕು, ಆದ್ರೆ ಅದು ಬರ್ಲಿ ಅಂತ ಕಂಪ್ಲೇಂಟ್ ತಡ ಮಾಡ್ಬೇಡಿ.

ಒಬ್ರೇ ಹೋದ್ರೆ ಸಂಜೆಯೊಳಗೆ ನಿಮ್ ಹೆಸ್ರು ಓನರ್ ಕಿವಿಗೆ ಬಿದ್ದಿರುತ್ತೆ, ಅಸೋಸಿಯೇಷನ್ ಲೆಟರ್‌ಹೆಡ್ಡಲ್ಲೇ ಕೊಟ್ರೆ ವಾಸಿ. ‘ಅಕ್ರಮ ಸಕ್ರಮದಲ್ಲಿ ಮಾಡಿಸ್ಕೋತೀವಿ ಬಿಡಿ ಸಾರ್’ ಅಂತ ಓನರ್ ಅಂದ್ರೆ ನಂಬ್ಕೊಂಡು ಕೂರ್ಬೇಡಿ, ದಂಡ ಕಟ್ಟಿಸ್ಕೊಂಡು ಅಕ್ರಮನ ಸಕ್ರಮ ಮಾಡೋ ಆ ಸ್ಕೀಮಿಗೆ 2017ರಲ್ಲೇ ಸುಪ್ರೀಂ ಕೋರ್ಟ್ ಸ್ಟೇ ಬಿತ್ತು.

ಓನರೇ ಕೋರ್ಟಿಂದ ಸ್ಟೇ ತಂದ್ರೆ? ಕೇಸ್ ನಂಬರ್ ತಗೊಂಡು ಆರ್ಡರ್ ಓದಿ. ಅದ್ರಲ್ಲಿ ಯಥಾಸ್ಥಿತಿ ಅಂತ ಇದ್ರೆ ಪಾಲಿಕೆಯೋರು ಕೆಡವೋ ಹಾಗಿಲ್ಲ, ಓನರೂ ಒಂದು ಇಟ್ಟಿಗೆ ಇಡೋ ಹಾಗಿಲ್ಲ. ರಾತ್ರೋರಾತ್ರಿ ಮೋಲ್ಡ್ ಹಾಕಿದ್ರೆ ವಿಡಿಯೋ ತೆಗೀರಿ, ವಕೀಲ್ರ ಹತ್ರ ಹೋಗಿ ಆ ಕೇಸಲ್ಲಿ ನಿಮ್ಮನ್ನೂ ಪಾರ್ಟಿ ಮಾಡ್ಕೊಳೋಕೆ ಅರ್ಜಿ ಹಾಕಿಸಿ.